ಗಿಳಿಗಳ ಗರಿರೋಗವೂ ಅದರ ಪರಿಶೋಧನೆಯೂ

ಕಾಡಿನ ಹಕ್ಕಿಗೆ ರೋಗ ತಗಲಿದುದನ್ನು ತಿಳಿಯುವ ಬಗೆ ಹೇಗೆ? ಸಾಕಿದ ಕೋಳಿ ತೂಕಡಿಸಿದರೆ ಮನೆಯವರಿಗೆ ಕೂಡಲೇ ಗೊತ್ತಾಗುವುದು. ಕಾಡಿನಲ್ಲಾದರೋ ಬಲಗುಂದಿದ ಹಕ್ಕಿ ಪೊದೆಯಲ್ಲಿ ಅಡಗುವುದು. ಸತ್ತರೆ ಇರುವೆಗೂ ಮುಂಗುಸಿಗೂ ಆಹಾರವಾಗುವುದು. ಸತ್ತ ಹಕ್ಕಿಗಳನ್ನೆಣಿಸಿ ರೋಗವನ್ನು ಅಳೆಯಹೊರಟವನಿಗೆ ರೋಗವೇ ಇಲ್ಲವೆಂದು ತೋರಬಹುದು. ಆದುದರಿಂದ ಚೆನ್ನಾಗಿರುವಂತೆ ಕಾಣುವ ಹಕ್ಕಿಗಳನ್ನೇ ಪರೀಕ್ಷಿಸಬೇಕಾಗುತ್ತದೆ. ಮಾರಿಷಸ್ ದ್ವೀಪದ ಎಕೋ ಗಿಳಿಯ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

1980ರ ದಶಕದಲ್ಲಿ ಈ ಗಿಳಿಗಳು ಹತ್ತು ಹನ್ನೆರಡು ಮಾತ್ರ ಉಳಿದಿದ್ದುವು. ಮರಿಗಳನ್ನು ಕೈಯಲ್ಲಿ ಸಾಕಿ, ಮರಗಳಿಗೆ ಗೂಡುಪೆಟ್ಟಿಗೆಗಳನ್ನು ಕಟ್ಟಿ, ಕಾಳು ಇರಿಸಿ ಸಂತತಿಯನ್ನು ಬೆಳೆಸಿದರು. 2005ರ ಸುಮಾರಿಗೆ ಕೊಕ್ಕು-ಗರಿರೋಗವು ತಲೆದೋರಿತು. ಇದರ ವೈರಸ್ ಅತ್ಯಲ್ಪವಾದುದು. ಅದರ ಆನುವಂಶಿಕ ಲಿಪಿಯೆಲ್ಲವೂ ಉಂಗುರದಂತೆ ಕೂಡಿದ ಸುಮಾರು 2,000 ಅಕ್ಷರಗಳಷ್ಟೆ. ಅದು ಹೊಸ ಗರಿ ಮೂಡುವ ಬುಡವನ್ನೇ ಕೆಡಿಸುತ್ತದೆ. ರೋಗವನ್ನು ತಡೆಯುವ ಶಕ್ತಿಯನ್ನೂ ಕುಂದಿಸುತ್ತದೆ. ಗರಿಯ ಧೂಳು, ಹಿಕ್ಕೆ, ತಾಯಿ ಕೊಡುವ ಗುಟುಕು ಇವುಗಳಿಂದ ಹರಡುತ್ತದೆ. ಇದನ್ನು ಗುಣಪಡಿಸುವ ಔಷಧವಿಲ್ಲ. ಒಂದೇ ಕಾಳಿನ ತಟ್ಟೆಗೆ ಹಲವು ಗಿಳಿಗಳು ಬಂದು ಸೇರುವುವಾದ ಕಾರಣ, ಉಪಕಾರಕ್ಕೆಂದು ಇಟ್ಟ ತಟ್ಟೆಯೇ ಸೋಂಕಿನ ತಾಣವಾಗುವ ಭಯವುಂಟು.

ಪರಿಶೋಧನೆಯ ಕ್ರಮ ಹೀಗೆ: ಗೂಡಿನಲ್ಲಿರುವ ಮರಿಯ ಕಾಲಿಗೆ ಗುರುತಿನ ಬಳೆ ತೊಡಿಸಿ, ಒಂದು ತೊಟ್ಟು ರಕ್ತ ತೆಗೆಯುವರು. ಪ್ರಯೋಗಶಾಲೆಯಲ್ಲಿ ಪಿ.ಸಿ.ಆರ್. ಎಂಬ ವಿಧಾನದಿಂದ ವೈರಸ್ಸಿನ ಲಿಪಿಯನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಗುರುತಿಸುವರು. ವೈರಸ್ ಕಂಡ ಮಾತ್ರಕ್ಕೆ ಮರಿ ರೋಗಿಯೆಂದಲ್ಲ. ಕಾಣದ ಮಾತ್ರಕ್ಕೆ ಎಂದೂ ಸೋಂಕಿಲ್ಲವೆಂದೂ ಅಲ್ಲ. ಆ ದಿನ ಆ ರಕ್ತದಲ್ಲಿ ಕಂಡಿತು, ಅಥವಾ ಕಾಣಲಿಲ್ಲ, ಇಷ್ಟೆ. ಒಂದು ವರ್ಷ ಮರಿಗಳನ್ನೂ ಮರುವರ್ಷ ಮುದಿಹಕ್ಕಿಗಳನ್ನೂ ಪರೀಕ್ಷಿಸಿ ಶೇಕಡಾವಾರನ್ನು ಹೋಲಿಸಿದರೆ ಸೋಂಕು ಏರಿತೋ ಇಳಿಯಿತೋ ಹೇಳಲಾಗದು. ಶೇಕಡಾ ಲೆಕ್ಕವೆಂದರೆ ಮುಖ ಸಿಂಡರಿಸುವ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಹಿಂದಿನ ವರ್ಷಗಳಲ್ಲಿ ತೆಗೆದು ಕಾದಿರಿಸಿದ್ದ ರಕ್ತವೂ ಬಹಳ ಉಪಯೋಗಕ್ಕೆ ಬಂದಿತು. ವೈರಸ್ಸಿನ ಲಿಪಿ ಕಾಲಕ್ರಮದಲ್ಲಿ ಬದಲಾದುದನ್ನು ಅದರಿಂದ ಓದಿದರು.

ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ನಮ್ಮ ಹೊಲಗಳಲ್ಲಿ ಜೋಳದ ತೆನೆ ಕಡಿಯುವ ಕೊರಳುಂಗುರದ ಗಿಳಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಆ ದ್ವೀಪವನ್ನು ಸೇರಿ ಅಲ್ಲಿಯೇ ವೃದ್ಧಿಯಾಗಿದೆ. ಅದರಲ್ಲಿಯೂ ಈ ವೈರಸ್ ಕಂಡುಬಂದಿತು. ಆದಕಾರಣ ಎಕೋ ಗಿಳಿಯೊಂದನ್ನೇ ನೋಡಿದರೆ ಸಾಲದು, ನೆರೆಯದನ್ನೂ ನೋಡಬೇಕು.

ಗೂಡುಗಳನ್ನು ಮುಟ್ಟುವ ಮುನ್ನ ಉಪಕರಣಗಳನ್ನು ಶುಚಿಗೊಳಿಸುವ ಕಟ್ಟುನಿಟ್ಟಿನ ಕ್ರಮಗಳನ್ನು ಮುಂದೆ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾಗಿದೆ: ಸೋಂಕೇನೋ ಕಡಮೆಯಾಯಿತು, ಗೂಡುಬಿಟ್ಟು ಹಾರುವ ಮರಿಗಳು ಮಾತ್ರ ಹೆಚ್ಚಲಿಲ್ಲ. ಸೋಂಕಿನ ಲೆಕ್ಕವೊಂದು, ಸಂತತಿಯ ಲೆಕ್ಕ ಇನ್ನೊಂದು. ಎರಡನ್ನೂ ಬರೆದಿಡದೆ ಹೋಗಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಅದೇ ವರ್ಷ ಎಕೋ ಗಿಳಿಯು ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಿತು. ವೈರಸ್ ಅದರಲ್ಲಿ ಇನ್ನೂ ಇದ್ದೇ ಇದೆ.