ಬಟ್ಟೆಯ ರಕ್ತನಾಳ

ನಾನು ನೇಕಾರರ ಮನೆಯವನು. ಹಾಸುಹೊಕ್ಕುಗಳು ಒತ್ತಾಗಿ ಕೂಡಿ, ಬೆಳಕಿಗೆ ಹಿಡಿದರೂ ಸಂದು ಕಾಣದಿರುವುದೇ ಒಳ್ಳೆಯ ಬಟ್ಟೆಯ ಗುರುತೆಂದು ತಂದೆಯವರಿಂದ ಕೇಳುತ್ತ ಬೆಳೆದವನು. ಆದುದರಿಂದ ಸಂದುಗಳೇ ಗುಣವೆನಿಸುವ ಬಟ್ಟೆಯೊಂದುಂಟೆಂದು ಓದಿದಾಗ ಸೋಜಿಗವಾಯಿತು. ಅದು ಮೈಮೇಲೆ ಉಡುವ ಬಟ್ಟೆಯಲ್ಲ, ಮೈಯೊಳಗೆ ಹೊಲಿಯುವ ಬಟ್ಟೆ.

ಹೃದಯದಿಂದ ಹೊರಡುವ ಮಹಾಧಮನಿಯ ಗೋಡೆ ಕೆಲವರಲ್ಲಿ ಬಲಗುಂದಿ ಪುಗ್ಗೆಯಂತೆ ಉಬ್ಬುತ್ತದೆ. ಒಡೆದರೆ ಪ್ರಾಣ ಉಳಿಯುವುದು ಕಷ್ಟ. ಆ ಭಾಗಕ್ಕೆ ಬದಲಾಗಿ ಏನನ್ನು ಇಡಬೇಕು? 1947ರಲ್ಲಿ ನ್ಯೂಯಾರ್ಕಿನ ಆರ್ಥರ್ ವೂರ್‌ಹೀಸ್ ಎಂಬ ತರುಣ ವೈದ್ಯರು, ನಾಯಿಯ ಹೃದಯದೊಳಗಿದ್ದ ರೇಷ್ಮೆಯ ಹೊಲಿಗೆದಾರದ ಮೇಲೆ ನಯವಾದ ಪೊರೆ ಬೆಳೆದುದನ್ನು ಕಂಡರು. ದಾರಕ್ಕೆ ಪೊರೆ ಬರುವುದಾದರೆ ಬಟ್ಟೆಗೇಕೆ ಬರಬಾರದು? ವಿನ್ಯಾನ್ ಬಟ್ಟೆಯ ಕೊಳವೆಗಳನ್ನು ನಾಯಿಗಳಲ್ಲಿ ಪರೀಕ್ಷಿಸಿ, ಸಂಗಡಿಗರೊಡನೆ 1952ರಲ್ಲಿ ಲೇಖನ ಪ್ರಕಟಿಸಿದರು.

ಅದೇ ಕಾಲದಲ್ಲಿ ಹ್ಯೂಸ್ಟನ್ನಿನ ಶಸ್ತ್ರವೈದ್ಯ ಮೈಕೇಲ್ ಡಿಬೇಕಿ ನೈಲಾನ್ ಕೊಳ್ಳಲು ಅಂಗಡಿಗೆ ಹೋದರು. ಅದು ಮುಗಿದಿತ್ತು, ಡೇಕ್ರಾನ್ ತಂದರು. ನಾವು ಟೆರಿಲಿನ್, ಪಾಲಿಯೆಸ್ಟರ್ ಎನ್ನುವ ವಸ್ತುವೇ ಅದು. ಚಿಕ್ಕಂದಿನಲ್ಲಿ ತಾಯಿ ಹೊಲಿಗೆ ಕಲಿಸಿದ್ದರಾಗಿ, ಮನೆಯ ಯಂತ್ರದಲ್ಲಿ ತಾವೇ ಕೊಳವೆ ಹೊಲಿದರು. ನೈಲಾನ್ ಮೈಯೊಳಗೆ ಬಲಗೆಡುತ್ತದೆಂಬುದು ಆಮೇಲೆ ತಿಳಿದ ಸಂಗತಿ; ಅಂದು ಅಂಗಡಿಯಲ್ಲಿ ಅದು ಸಿಕ್ಕಿದ್ದರೆ ಏನಾಗುತ್ತಿತ್ತೋ! ಮುಂದೆ ಫಿಲಡೆಲ್ಫಿಯಾದ ಜವಳಿ ಪ್ರಾಧ್ಯಾಪಕ ಥಾಮಸ್ ಎಡ್ಮನ್, ಹೊಲಿಗೆಯೇ ಇಲ್ಲದ ಕೊಳವೆಯನ್ನು ಹೆಣೆಯುವ ಯಂತ್ರ ಕಟ್ಟಿಕೊಟ್ಟರು.

ಹೆಣಿಗೆ ನೇಯ್ಗೆಯಲ್ಲ. ಇಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಬನಿಯನ್ನಿನಲ್ಲಿರುವಂತೆ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಹೀಗಾಗಿ ಬಟ್ಟೆ ಮೆತ್ತಗಿದ್ದು ಸೂಜಿಗೆ ಒಗ್ಗುತ್ತದೆ. ಕುಣಿಕೆಗಳ ನಡುವಣ ಸಂದುಗಳಲ್ಲಿ ಶರೀರದ ಜೀವಕೋಶಗಳು ನುಸುಳಿ ಬೇರೂರುತ್ತವೆ. ಆದರೆ ಅದೇ ಸಂದುಗಳಲ್ಲಿ ರಕ್ತವೂ ಸೋರುತ್ತದಲ್ಲ! ಅದಕ್ಕೆ ಹಿಂದಿನ ಶಸ್ತ್ರವೈದ್ಯರು ರೋಗಿಯದೇ ರಕ್ತವನ್ನು ಸ್ವಲ್ಪ ತೆಗೆದು, ಅದರಲ್ಲಿ ಕೊಳವೆಯನ್ನು ನೆನೆಸಿ, ಹೆಪ್ಪುಗಟ್ಟಿಸಿ ಸಂದು ಮುಚ್ಚುತ್ತಿದ್ದರು. ಈ ಉಪಾಯ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಯಿತು. ನೂಲಿಗೆ ಗಂಜಿ ಹಾಕುವ ನಮ್ಮವರಿಗೆ ಇದು ತೀರ ಅಪರಿಚಿತವೆನಿಸದು. ಈಗ ಕಾಲಜನ್ ಅಥವಾ ಜೆಲಟಿನ್ ಲೇಪವಿರುವ ಕೊಳವೆಗಳು ಸಿದ್ಧವಾಗಿಯೇ ಬರುತ್ತವೆ. ಲೇಪ ಮೆಲ್ಲಮೆಲ್ಲನೆ ಕರಗುವಾಗ ಆ ಜಾಗಕ್ಕೆ ಜೀವಕೋಶಗಳು ಬರುತ್ತವೆ. ಬಾಗಿದರೂ ಮಡಿಚಿಕೊಳ್ಳದಂತೆ ಕೊಳವೆಗೆ ಸಣ್ಣ ನೆರಿಗೆಗಳನ್ನೂ ಹಿಡಿದಿರುತ್ತಾರೆ.

ಹೆಣಿಗೆಗೆ ಒಂದು ದೋಷವುಂಟು: ಹಳೆಯ ಬನಿಯನ್ನಿನ ಕೊರಳಿನಂತೆ ವರ್ಷಗಳು ಕಳೆದಂತೆ ಹಿಗ್ಗುತ್ತದೆ. ಹೃದಯದ ಸಮೀಪ, ರಕ್ತದ ಒತ್ತಡ ಹೆಚ್ಚಿರುವಲ್ಲಿ, ವೈದ್ಯರು ಸಾಮಾನ್ಯವಾಗಿ ಒತ್ತಾಗಿ ನೇಯ್ದುದನ್ನೇ ಆರಿಸುತ್ತಾರೆ. ಅಷ್ಟರಮಟ್ಟಿಗೆ ತಂದೆಯವರ ಮಾತು ಗೆದ್ದಿತು.

2005ರ ಕೊನೆಯಲ್ಲಿ ಡಿಬೇಕಿಯವರದೇ ಮಹಾಧಮನಿ ಸೀಳಿತು. ಆಗ ಅವರಿಗೆ 97 ವರ್ಷ. ಸಹೋದ್ಯೋಗಿಗಳು ಡೇಕ್ರಾನ್ ಕೊಳವೆ ಹೊಲಿದರು. ಅವರು 2008ರ ಜುಲೈವರೆಗೆ ಬದುಕಿದ್ದರು.