ಗಣಿತ ಮತ್ತು ಗಣಕಯಂತ್ರದಲ್ಲಿ ತಪ್ಪಿನ ಸ್ಥಾನ

ಲೆಕ್ಕದಲ್ಲಿ ತಪ್ಪುವುದು ಲಜ್ಜಾಸ್ಪದವೆಂಬ ಭಾವನೆ ಶಾಲೆಯ ಮೊದಲ ತರಗತಿಯಿಂದಲೇ ಮಕ್ಕಳ ಮನಸ್ಸಿನಲ್ಲಿ ಬೇರೂರುತ್ತದೆ. ಕೆಂಪು ಶಾಯಿಯ ಗೆರೆಯನ್ನು ಕಂಡ ಬಾಲಕನು ಉತ್ತರ ಪತ್ರಿಕೆಯನ್ನು ಮಡಿಚಿ ಚೀಲದ ತಳದಲ್ಲಿ ಅಡಗಿಸುತ್ತಾನೆ. ಆದರೆ ತಪ್ಪಿಗೆ ಎಳ್ಳಷ್ಟೂ ಎಡೆಯಿಲ್ಲವೆಂದು ಲೋಕವು ಭಾವಿಸಿರುವ ಎರಡು ವಿದ್ಯೆಗಳಲ್ಲಿ, ಅಂದರೆ ಗಣಿತಶಾಸ್ತ್ರ ಹಾಗೂ ಕಂಪ್ಯೂಟರ್ ಎಂದು ಕರೆಯಲ್ಪಡುವ ಗಣಕಯಂತ್ರದ ವಿದ್ಯೆಯಲ್ಲಿ, ಶ್ರೇಷ್ಠರೆನಿಸಿದವರ ನಡತೆ ಇದಕ್ಕೆ ತೀರ ವ್ಯತಿರಿಕ್ತವಾದುದು. ಅವರು ತಮ್ಮ ತಪ್ಪುಗಳನ್ನು ನಾಲ್ವರ ಮುಂದಿಟ್ಟು ತಾವೇ ನಗುತ್ತಾರೆ. ಆ ನಗೆಯ ಹಿಂದಿರುವ ವಿವೇಕವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಂದು ಗೆರೆಯ ಬೆಲೆ

ಆಮಂತ್ರಣ ಪತ್ರಿಕೆಯಲ್ಲಿ ಒಂದು ಕೊಂಬು ಬಿಟ್ಟುಹೋದರೆ ಓದುವವನು ಸಂದರ್ಭವರಿತು ತಾನೇ ತಿದ್ದಿಕೊಳ್ಳುತ್ತಾನೆ. ಗಣಕಯಂತ್ರಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಅದಕ್ಕೆ ಬರೆದುಕೊಡುವ ಆದೇಶಗಳ ಸರಣಿಗೆ ಪ್ರೋಗ್ರಾಂ ಎಂದು ಹೆಸರು. ಅದರಲ್ಲಿ ಒಂದು ಅರ್ಧವಿರಾಮ ತಪ್ಪಿದರೂ ಇಡೀ ಕೆಲಸ ನಿಂತುಹೋಗಬಹುದು. ಆದುದರಿಂದಲೇ ಪ್ರೋಗ್ರಾಂ ಬರೆಯುವವರಲ್ಲಿ ಒಂದು ಹಾಸ್ಯೋಕ್ತಿ ಪ್ರಚಲಿತವಾಗಿದೆ: ದೋಷಗಳನ್ನು ಹೊರತೆಗೆಯುವುದಕ್ಕೆ ಒಂದು ಹೆಸರಿದ್ದರೆ, ದೋಷಗಳನ್ನು ಒಳಸೇರಿಸುವುದಕ್ಕೆ ಪ್ರೋಗ್ರಾಂ ಬರೆಯುವುದೆಂದೇ ಹೆಸರು!

ಇಂಥ ದೋಷವನ್ನು ಅವರು 'ಬಗ್', ಅಂದರೆ ಹುಳು, ಎನ್ನುತ್ತಾರೆ. ಯಂತ್ರದೋಷಕ್ಕೆ ಈ ಪದವನ್ನು ಥಾಮಸ್ ಎಡಿಸನ್ 1878ರಷ್ಟು ಹಿಂದೆಯೇ ಬಳಸಿದ್ದನು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ 'ಮಾರ್ಕ್ 2' ಗಣಕಯಂತ್ರದೊಳಗೆ ನಿಜವಾದ ಪತಂಗವೊಂದು ಸಿಕ್ಕಿಕೊಂಡಿತ್ತು. ಅದನ್ನು ಹೊರತೆಗೆದವರು ದಿನಚರಿ ಪುಸ್ತಕಕ್ಕೆ ಅಂಟಿಸಿ, ಹುಳುವೊಂದು ನಿಜವಾಗಿಯೂ ಸಿಕ್ಕ ಮೊದಲ ಪ್ರಸಂಗವಿದು ಎಂಬ ಅರ್ಥದ ಟಿಪ್ಪಣಿ ಬರೆದರು. ಆ ಪುಟ ಇಂದಿಗೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಸುರಕ್ಷಿತವಾಗಿದೆ.

ಎಲ್ಲ ದೋಷಗಳೂ ಇಷ್ಟು ಅಗ್ಗವಾಗಿ ಮುಗಿಯುವುದಿಲ್ಲ. 1962ರ ಜುಲೈ 22ರಂದು ಅಮೆರಿಕವು ಶುಕ್ರಗ್ರಹದತ್ತ ಹಾರಿಸಿದ ಮ್ಯಾರಿನರ್-1 ನೌಕೆ ದಾರಿತಪ್ಪಿತು. ಉಡಾವಣೆಯಾಗಿ ಐದು ನಿಮಿಷ ತುಂಬುವ ಮೊದಲೇ ಅದನ್ನು ಆಕಾಶದಲ್ಲೇ ನಾಶಪಡಿಸಬೇಕಾಯಿತು. ಮಾರ್ಗದರ್ಶಕ ಉಪಕರಣವೊಂದು ಕೆಟ್ಟಿದ್ದುದರ ಜೊತೆಗೆ, ಸೂತ್ರದ ಒಂದು ಅಕ್ಷರದ ಮೇಲೆ ಇರಬೇಕಾಗಿದ್ದ ಚಿಕ್ಕ ಅಡ್ಡಗೆರೆ ನಕಲಿಳಿಸುವಾಗ ಬಿಟ್ಟುಹೋಗಿತ್ತು. ಲೇಖಕ ಆರ್ಥರ್ ಕ್ಲಾರ್ಕ್ ಇದನ್ನು ಇತಿಹಾಸದಲ್ಲೇ ಅತ್ಯಂತ ದುಬಾರಿಯಾದ ಗೆರೆ ಎಂದು ಹಾಸ್ಯ ಮಾಡಿದನು. ಆದರೆ ಕಾರಣವನ್ನು ಮುಚ್ಚಿಡದೆ ಹುಡುಕಿ ತಿದ್ದಿದುದರ ಫಲವಾಗಿ, ಮರುತಿಂಗಳೇ ಹಾರಿದ ಮ್ಯಾರಿನರ್-2 ಅದೇ ವರ್ಷದ ಡಿಸೆಂಬರ್ 14ರಂದು ಶುಕ್ರನ ಸಮೀಪದಲ್ಲಿ ಹಾದುಹೋಗಿ ಮಾಹಿತಿಯನ್ನು ಕಳುಹಿಸಿತು.

ಒಂದು ಎರಡಕ್ಕೆ ಸಮವಾದ ಬಗೆ

ಗಣಿತದ ದೋಷವು ಇನ್ನೂ ಸೂಕ್ಷ್ಮವಾದುದು. ಅಲ್ಲಿ ಯಂತ್ರವು ನಿಂತು ಎಚ್ಚರಿಸುವುದಿಲ್ಲ. ತಪ್ಪು ತರ್ಕವೂ ಸರಿಯಾದ ತರ್ಕದ ವೇಷದಲ್ಲಿಯೇ ಬರುತ್ತದೆ. ಗಣಿತಜ್ಞರು ವಿನೋದಕ್ಕಾಗಿ ಹೇಳುವ ಈ ಸಾಧನೆಯನ್ನು ನೋಡಬಹುದು:

ಅ = ಬ ಆಗಿರಲಿ.
ಎರಡೂ ಕಡೆ ಅ ಇಂದ ಗುಣಿಸಿದಾಗ, ಅ² = ಅ × ಬ.
ಎರಡೂ ಕಡೆ ಬ² ಕಳೆದಾಗ, ಅ² – ಬ² = ಅ × ಬ – ಬ².
ಅಪವರ್ತಿಸಿದಾಗ, (ಅ + ಬ)(ಅ – ಬ) = ಬ(ಅ – ಬ).
ಎರಡೂ ಕಡೆ (ಅ – ಬ) ಇಂದ ಭಾಗಿಸಿದಾಗ, ಅ + ಬ = ಬ.
ಅ = ಬ ಆದುದರಿಂದ 2ಬ = ಬ; ಆದುದರಿಂದ 2 = 1.

ಪ್ರತಿಯೊಂದು ಮೆಟ್ಟಿಲೂ ಗಟ್ಟಿಯಾಗಿರುವಂತೆಯೇ ತೋರುತ್ತದೆ. ಆದರೆ ಅ ಮತ್ತು ಬ ಸಮವಾಗಿರುವುದರಿಂದ (ಅ – ಬ) ಎಂಬುದು ಶೂನ್ಯ. ಶೂನ್ಯದಿಂದ ಭಾಗಿಸಿದ ಐದನೆಯ ಮೆಟ್ಟಿಲಿನಲ್ಲಿ ಇಡೀ ಸಾಧನೆ ಕುಸಿದುಬೀಳುತ್ತದೆ.

ಈ ಶೂನ್ಯವು ಮಹಾಮಹಿಮರನ್ನೂ ಕಾಡಿದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯವೇ ಬರುವುದೆಂದನು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು, ಶೂನ್ಯದಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುವುದೆಂದನು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಅದನ್ನು 'ಖಹರ'ವೆಂದು ಕರೆದು ಅನಂತವೆಂದು ಭಾವಿಸಿದನು. ಅಂಥ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂಬುದು ಇಂದಿನ ಅಂಕಗಣಿತದ ನಿಲುವು. ಇದರಿಂದ ಆ ಆಚಾರ್ಯರ ಕೀರ್ತಿಗೆ ಕುಂದಿಲ್ಲ. ಶೂನ್ಯವನ್ನು ಸಂಖ್ಯೆಯೆಂದು ಗ್ರಹಿಸಿ ಅದಕ್ಕೆ ನಿಯಮಗಳನ್ನು ಬರೆಯುವ ಧೈರ್ಯ ತೋರಿದವರಿಗೆ ಮಾತ್ರವೇ ಅಲ್ಲಿ ತಪ್ಪುವ ಅವಕಾಶವಿತ್ತು.

ಹನ್ನೊಂದು ವರ್ಷ ಉಳಿದ ದೋಷ

ಭೂಪಟದಲ್ಲಿ ಅಕ್ಕಪಕ್ಕದ ಪ್ರದೇಶಗಳಿಗೆ ಬೇರೆ ಬೇರೆ ಬಣ್ಣ ಬಳಿಯಲು ನಾಲ್ಕೇ ಬಣ್ಣಗಳು ಸಾಕೇ? 1852ರಲ್ಲಿ ಫ್ರಾನ್ಸಿಸ್ ಗತ್ರಿ ಎತ್ತಿದ ಈ ಪ್ರಶ್ನೆಗೆ ಇಂಗ್ಲೆಂಡಿನ ಆಲ್ಫ್ರೆಡ್ ಕೆಂಪೆ ಎಂಬ ನ್ಯಾಯವಾದಿ 1879ರಲ್ಲಿ ಸಾಧನೆಯನ್ನು ಪ್ರಕಟಿಸಿದನು. ವಿದ್ವಜ್ಜನರು ಅದನ್ನು ಒಪ್ಪಿದರು. ಆದರೆ 1890ರಲ್ಲಿ ಪರ್ಸಿ ಹೀವುಡ್ ಅದರಲ್ಲಿದ್ದ ಬಿರುಕನ್ನು ತೋರಿಸಿಕೊಟ್ಟನು. ಕೆಂಪೆಯ ಮಾರ್ಗದಿಂದಲೇ ಐದು ಬಣ್ಣಗಳು ನಿಶ್ಚಯವಾಗಿಯೂ ಸಾಕೆಂಬುದನ್ನು ಸಾಧಿಸಿದನು. ಕೆಂಪೆ ವಾದಕ್ಕಿಳಿಯಲಿಲ್ಲ. ತನ್ನ ತಪ್ಪನ್ನು ಲಂಡನ್ನಿನ ಗಣಿತ ಸಂಘದ ಮುಂದೆ ತಾನೇ ಅರುಹಿ, ಅದನ್ನು ಸರಿಪಡಿಸಲು ತನ್ನಿಂದಾಗಲಿಲ್ಲವೆಂದು ಒಪ್ಪಿಕೊಂಡನು.

1976ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಅಪೆಲ್ ಮತ್ತು ವೋಲ್ಫ್‌ಗಾಂಗ್ ಹಾಕೆನ್ ಅವರು ಗಣಕಯಂತ್ರದ ನೆರವಿನಿಂದ ನಾಲ್ಕು ಬಣ್ಣಗಳ ಪ್ರಮೇಯವನ್ನು ಸಾಧಿಸಿದಾಗ, ಅವರ ಕೈದೀವಿಗೆಯಾದುದು ಕೆಂಪೆಯ ಅದೇ ಸೋತ ಸಾಧನೆಯ ಮೂಲ ಕಲ್ಪನೆಗಳು. ಒಪ್ಪಿಕೊಂಡ ತಪ್ಪು ಹೀಗೆ ಮುಂದಿನವರ ಅಡಿಪಾಯವಾಯಿತು.

ಸಾಧನೆ ಮತ್ತು ಪರೀಕ್ಷೆ

ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ 1977ರಲ್ಲಿ ಒಂದು ಪ್ರೋಗ್ರಾಂ ಬರೆದು ಸಹೋದ್ಯೋಗಿಗೆ ಕಳುಹಿಸುವಾಗ, ಇದರಲ್ಲಿ ಹುಳುಗಳಿರಬಹುದು, ಎಚ್ಚರ. ಇದು ಸರಿಯೆಂದು ಸಾಧಿಸಿದ್ದೇನೆಯೇ ಹೊರತು ನಡೆಸಿ ನೋಡಿಲ್ಲ ಎಂಬ ಅರ್ಥದ ಸಾಲನ್ನು ಸೇರಿಸಿದರು. ಇದು ಬರಿಯ ವಿನೋದವಲ್ಲವೆಂಬುದು ಕಾಲಾಂತರದಲ್ಲಿ ಸಿದ್ಧವಾಯಿತು.

ನಿಘಂಟಿನ ನಡುಪುಟವನ್ನು ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದರ್ಧದ ನಡುಪುಟವನ್ನು ಮತ್ತೆ ತೆರೆಯುವ ಕ್ರಮವನ್ನು ಎಲ್ಲರೂ ಬಲ್ಲರು. ಇದೇ ಕ್ರಮದ ಪ್ರೋಗ್ರಾಮನ್ನು ಜಾನ್ ಬೆಂಟ್ಲಿ ಅವರು 'ಪ್ರೋಗ್ರಾಮಿಂಗ್ ಪರ್ಲ್ಸ್' ಎಂಬ ಗ್ರಂಥದಲ್ಲಿ ಸಾಧನೆಸಹಿತವಾಗಿ ವಿವರಿಸಿದ್ದರು. ಅವರ ಪಾಠವನ್ನು ಕೇಳಿದ್ದ ಜೋಶುವಾ ಬ್ಲಾಕ್ ಅದೇ ರೀತಿಯಲ್ಲಿ ಜಾವಾ ಭಾಷೆಗೆ ಪ್ರೋಗ್ರಾಂ ರಚಿಸಿದರು. ನಡುಪುಟವನ್ನು ಕಾಣಲು ಮೊದಲ ಮತ್ತು ಕೊನೆಯ ಸಂಖ್ಯೆಗಳನ್ನು ಕೂಡಿಸಿ ಅರ್ಧಿಸಬೇಕಷ್ಟೆ. ಆದರೆ ಯಂತ್ರದಲ್ಲಿ ಆ ಬಗೆಯ ಸಂಖ್ಯೆಯ ಪರಮಾವಧಿ 214,74,83,647. ಮೊತ್ತವು ಇದನ್ನು ಮೀರಿದೊಡನೆ ಋಣಸಂಖ್ಯೆಯಾಗಿ ಮಾರ್ಪಡುತ್ತಿತ್ತು! ಕಾಗದದ ಮೇಲಿನ ಸಾಧನೆಯಲ್ಲಿ ಸಂಖ್ಯೆಗಳಿಗೆ ಮಿತಿಯಿರಲಿಲ್ಲ, ಯಂತ್ರಕ್ಕೆ ಮಿತಿಯಿತ್ತು. 2006ರಲ್ಲಿ ಬ್ಲಾಕ್ ಅವರು ಗುರುವಿನ ಗ್ರಂಥದ ದೋಷವನ್ನೂ ಅದರೊಡನೆ ತಮ್ಮ ದೋಷವನ್ನೂ ಬಹಿರಂಗವಾಗಿ ಬರೆದು ತಿಳಿಸಿದರು. ಕೊನೆಯ ಸಂಖ್ಯೆಯಿಂದ ಮೊದಲನೆಯದನ್ನು ಕಳೆದು, ಅರ್ಧಿಸಿ, ಮೊದಲನೆಯದಕ್ಕೆ ಕೂಡಿಸಿದರೆ ದೋಷ ಪರಿಹಾರವಾಗುತ್ತದೆ. ಸಾಧನೆಯಿಲ್ಲದ ಪರೀಕ್ಷೆ ಕುರುಡು; ಪರೀಕ್ಷೆಯಿಲ್ಲದ ಸಾಧನೆ ಕುಂಟು.

ಗುರುವಿನ ಕರ್ತವ್ಯ

ಕ್ನೂತ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಮ್ಮ ಗ್ರಂಥಗಳಲ್ಲಿ ತಪ್ಪನ್ನು ಮೊದಲು ತೋರಿಸಿಕೊಟ್ಟವರಿಗೆ 2 ಡಾಲರ್ 56 ಸೆಂಟುಗಳ ಬಹುಮಾನವನ್ನು ಗೊತ್ತುಪಡಿಸಿದರು. 256 ಎಂಬುದು ಹದಿನಾರರ ಆಧಾರದ ಎಣಿಕೆಯಲ್ಲಿ 100 ಆಗುತ್ತದೆಂಬುದು ಅದರಲ್ಲಡಗಿದ ಚಮತ್ಕಾರ. ಆ ಚೆಕ್ಕನ್ನು ಪಡೆದವರಲ್ಲಿ ಅನೇಕರು ಅದನ್ನು ನಗದು ಮಾಡಿಸಿಕೊಳ್ಳದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. 2008ರಿಂದ ಚೆಕ್ಕಿನ ಬದಲಿಗೆ ಕಾಲ್ಪನಿಕ ಬ್ಯಾಂಕೊಂದರ ಪ್ರಮಾಣಪತ್ರ ಬರತೊಡಗಿದರೂ ಅದರ ಗೌರವ ಕುಗ್ಗಲಿಲ್ಲ.

ಗುರುವಿನ ತಪ್ಪನ್ನು ಹುಡುಕಿದ ಶಿಷ್ಯನಿಗೆ ಗುರುವೇ ಬಹುಮಾನ ಕೊಡುವ ಈ ಪದ್ಧತಿಯಲ್ಲಿ ಅಧ್ಯಾಪಕ ವೃತ್ತಿಗೆ ದೊಡ್ಡ ಪಾಠವಿದೆ. ಇಂದು ಬ್ಯಾಂಕು, ಆಸ್ಪತ್ರೆ, ರೈಲು ಎಲ್ಲವೂ ಪ್ರೋಗ್ರಾಮುಗಳನ್ನು ನೆಚ್ಚಿ ನಡೆಯುತ್ತಿವೆ. ಅವುಗಳನ್ನು ಬರೆಯುವವರು ಇಂದಿನ ತರಗತಿಗಳಲ್ಲಿ ಕುಳಿತಿರುವ ಮಕ್ಕಳೇ. ತಪ್ಪನ್ನು ಅಡಗಿಸಲು ಕಲಿತ ಬಾಲಕನು ನಾಳೆ ಯಂತ್ರದೊಳಗಿನ ತಪ್ಪನ್ನೂ ಅಡಗಿಸಿಯಾನು; ಅದರ ಬೆಲೆಯನ್ನು ತೆರುವವರು ಬೇರೆಯವರು. ಕರಿಹಲಗೆಯ ಮೇಲೆ ಉಪಾಧ್ಯಾಯರು ತಪ್ಪಿದಾಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು ಅದನ್ನು ಸೂಚಿಸಿದರೆ, ಅವನನ್ನು ಗದರಿಸಿ ಕೂರಿಸದೆ, ನಗುತ್ತ ಸೀಮೆಸುಣ್ಣವನ್ನು ಅವನ ಕೈಗಿತ್ತು ತಿದ್ದಲು ಕರೆಯುವ ಗುರುವೇ ಸತ್ಯದ ಹಾದಿಯನ್ನು ತೋರುವ ಗುರು. ಕೆಂಪು ಶಾಯಿಯ ಗೆರೆಯು ಆಗ ಅವಮಾನದ ಗುರುತಾಗದೆ, ಮುಂದಿನ ಹೆಜ್ಜೆಯನ್ನು ಎಲ್ಲಿ ಇಡಬೇಕೆಂಬುದರ ಸೂಚನೆಯಾಗುತ್ತದೆ.