ಮರಿಯ ಕಿವಿಗೆ ಕತ್ತರಿ: ಕಾನೂನು ಏನು ಹೇಳುತ್ತದೆ?

ಡಾಬರ್‌ಮನ್, ಗ್ರೇಟ್ ಡೇನ್, ಬಾಕ್ಸರ್ ಅಥವಾ ಕೇನ್ ಕೊರ್ಸೊ ಮರಿ ಕೊಳ್ಳಲು ಹೋದವರಿಗೆ ಮಾರುವವರ ಕಡೆಯಿಂದಲೇ ಒಂದು ಸಲಹೆ ಬರುತ್ತದೆ: “ಮರಿ ಚಿಕ್ಕದಿರುವಾಗಲೇ ಕಿವಿ ಕಟ್ ಮಾಡಿಸಿಬಿಡಿ ಸಾರ್, ಆಮೇಲೆ ನಿಲ್ಲಲ್ಲ.” ಇಯರ್ ಕ್ರಾಪಿಂಗ್ ಎಂದು ಕರೆಯುವ ಈ ಕೆಲಸವನ್ನು ಸಾಮಾನ್ಯವಾಗಿ ಎರಡು–ಮೂರು ತಿಂಗಳ ಮರಿಗೆ ಮಾಡುತ್ತಾರೆ. ಜೋತುಬಿದ್ದ ಕಿವಿಯ ಒಂದು ಭಾಗವನ್ನು ಕತ್ತರಿಸಿ, ಅಂಚಿಗೆ ಹೊಲಿಗೆ ಹಾಕುತ್ತಾರೆ. ಉಳಿದ ಭಾಗ ನೆಟ್ಟಗೆ ನಿಲ್ಲಲೆಂದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಟೇಪ್ ಸುತ್ತಿಡುತ್ತಾರೆ. ಮರಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಇದೆಲ್ಲ ನೋಟಕ್ಕಾಗಿ ಮಾತ್ರ. ‘ನಮ್ಮ ನಾಯಿ, ನಮ್ಮ ಇಷ್ಟ’ ಎಂದು ಇದನ್ನು ಮಾಡಿಸಲು ಹೊರಟವರು ಮೊದಲು ಕಾನೂನು ತಿಳಿದಿರಬೇಕು.

ಕಾಯ್ದೆಯಲ್ಲಿ ಇರುವುದೇನು?

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಕಲಂ 11(1)(ಎಲ್) ಪ್ರಕಾರ ಪ್ರಾಣಿಯನ್ನು ಅಂಗಹೀನಗೊಳಿಸುವುದು ಅಪರಾಧ. ಅದೇ ಕಲಂನ ಮೂರನೇ ಉಪಕಲಂನಲ್ಲಿ ಕೆಲವು ವಿನಾಯಿತಿಗಳಿವೆ. ದನಗಳ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕಿ ಗುರುತು ಮಾಡುವುದು, ಮೂಗುದಾರ ಹಾಕುವುದು, ಇವನ್ನು ನಿಗದಿತ ರೀತಿಯಲ್ಲಿ ಮಾಡಿದರೆ ಅಪರಾಧವಲ್ಲ. ನಾಯಿಯ ಕಿವಿ ಅಥವಾ ಬಾಲ ಕತ್ತರಿಸುವುದು ಆ ಪಟ್ಟಿಯಲ್ಲಿ ಇಲ್ಲ.

‘ಕಿವಿ’ ಎಂಬ ಪದವೇ ಕಾಯ್ದೆಯಲ್ಲಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಇದು ಅಂಗಹೀನಗೊಳಿಸುವ ಕೃತ್ಯವೇ ಎಂದು ಪಶುವೈದ್ಯರಿಗೆ ತಿಳಿಸಿ ಭಾರತೀಯ ಪಶುವೈದ್ಯ ಪರಿಷತ್ತು ಹೊರಡಿಸಿದ ಸುತ್ತೋಲೆಯೂ ಹೈಕೋರ್ಟಿನ ಮೆಟ್ಟಿಲೇರಿತ್ತು. ಆದರೆ ಸುತ್ತೋಲೆಯ ಗತಿ ಏನೇ ಆಗಲಿ, ಸಂಸತ್ತು ಮಾಡಿದ ಕಲಂ ಹಾಗೆಯೇ ಇದೆ. ಚಿಕಿತ್ಸೆಯ ಅಗತ್ಯವಿಲ್ಲದೆ ಆರೋಗ್ಯವಂತ ಮರಿಯ ಕಿವಿ ಕತ್ತರಿಸಿದವರು, ಅದು ಅಂಗಹೀನಗೊಳಿಸಿದಂತಲ್ಲ ಎಂದು ನ್ಯಾಯಾಲಯದಲ್ಲಿ ವಾದಿಸಬೇಕಾಗಬಹುದು.

ಎರಡು ಸಂದರ್ಭಗಳು ಬೇರೆ. ಗೆಡ್ಡೆ, ಕೊಳೆತ ಗಾಯ ಅಥವಾ ಅಪಘಾತದಿಂದಾಗಿ ಕಿವಿಯ ಭಾಗವನ್ನು ತೆಗೆಯಲೇಬೇಕಾದರೆ ಅದು ಚಿಕಿತ್ಸೆ. ಆಗ ವೈದ್ಯರ ಟಿಪ್ಪಣಿ ಮತ್ತು ಬಿಲ್ ಜೋಪಾನವಾಗಿ ಇಟ್ಟುಕೊಳ್ಳಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೀದಿನಾಯಿಯನ್ನು ಗುರುತಿಸಲು, ಅರಿವಳಿಕೆಯಲ್ಲಿರುವಾಗಲೇ ಕಿವಿಯ ಅಂಚಿನಲ್ಲಿ ಮಾಡುವ ಸಣ್ಣ ಕಚ್ಚು ಕೂಡ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಅಡಿಯಲ್ಲಿ ನಡೆಯುವಂಥದ್ದು.

ಶಿಕ್ಷೆ ಯಾರಿಗೆ, ಎಷ್ಟು?

ಕತ್ತರಿ ಹಿಡಿದವರು ಮಾತ್ರ ಹೊಣೆ ಎಂದು ಭಾವಿಸಬೇಡಿ. ಅಪರಾಧ ನಡೆಯದಂತೆ ತಕ್ಕ ಎಚ್ಚರ ವಹಿಸದ ಮಾಲೀಕರೂ ಅಪರಾಧ ಎಸಗಿದಂತೆಯೇ ಎಂದು ಕಲಂ 11(2) ಹೇಳುತ್ತದೆ. ತಾನೇ ದುಡ್ಡು ಕೊಟ್ಟು ಮಾಡಿಸಿದವರಿಗಂತೂ ತಪ್ಪಿಸಿಕೊಳ್ಳಲು ದಾರಿ ಕಡಿಮೆ.

ದಂಡದ ಮೊತ್ತ ಮಾತ್ರ ದಶಕಗಳ ಹಿಂದಿನದೇ. ಮೊದಲ ಸಲ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗೆಂದು ಹಗುರವಾಗಿ ಕಾಣುವಂತಿಲ್ಲ. ಕಲಂ 31ರ ಪ್ರಕಾರ ಇದು ಸಂಜ್ಞೇಯ ಅಪರಾಧ, ಅಂದರೆ ನ್ಯಾಯಾಲಯದ ಅನುಮತಿಗೆ ಕಾಯದೆ ಪೊಲೀಸರು ತನಿಖೆ ಆರಂಭಿಸಬಹುದು. ಅಪರಾಧ ಸಾಬೀತಾಗಿ, ಪ್ರಾಣಿ ಮತ್ತೆ ಹಿಂಸೆಗೆ ಗುರಿಯಾಗಬಹುದು ಎಂದು ಕಂಡುಬಂದರೆ ಅದನ್ನು ಮಾಲೀಕರಿಂದ ಬಿಡಿಸಲು ಕಲಂ 29 ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. ನಿಮ್ಮ ಒಪ್ಪಿಗೆಯಿಲ್ಲದೆ ಬೇರೆಯವರು ನಿಮ್ಮ ಮರಿಯ ಕಿವಿ ಕತ್ತರಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 325 ಕೂಡ ನೆರವಿಗೆ ಬರುತ್ತದೆ. ಅದರಡಿ ಐದು ವರ್ಷದವರೆಗೆ ಜೈಲು, ದಂಡ ಅಥವಾ ಎರಡನ್ನೂ ವಿಧಿಸಬಹುದು.

ನಿರ್ಧರಿಸುವ ಮುನ್ನ

ಕಿವಿ ಕತ್ತರಿಸಿದರೆ ಸೋಂಕು ಬರುವುದಿಲ್ಲ ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಕಿವಿಸೋಂಕಿಗೆ ಹೆಸರಾದ ಕಾಕರ್ ಸ್ಪ್ಯಾನಿಯಲ್‌ನ ಉದ್ದ ಕಿವಿಯನ್ನು ಯಾರೂ ಕತ್ತರಿಸುವುದಿಲ್ಲ, ಶುಚಿಯಾಗಿಡುತ್ತಾರೆ ಅಷ್ಟೆ. ಕಾವಲಿಗೆ ಚುರುಕು ಬರುತ್ತದೆ ಎಂಬುದೂ ಸುಳ್ಳು. ನಾಯಿ ಕಾವಲು ಕಾಯುವುದು ತಳಿಗುಣದಿಂದ ಮತ್ತು ತರಬೇತಿಯಿಂದ. ಪ್ರದರ್ಶನಕ್ಕೆ ಬೇಕು ಎನ್ನುವವರಿಗೂ ಉತ್ತರವಿದೆ: ಬ್ರಿಟನ್ನಿನ ಕೆನಲ್ ಕ್ಲಬ್ ತನ್ನ ಪ್ರದರ್ಶನಗಳಿಗೆ ಕಿವಿ ಕತ್ತರಿಸಿದ ನಾಯಿಗಳನ್ನು ಬಿಟ್ಟುಕೊಳ್ಳುವುದೇ ಇಲ್ಲ.

ಇನ್ನು ಮರಿಗೆ ಆಗುವ ನಷ್ಟ. ಭಯ, ಖುಷಿ, ಸಿಟ್ಟುಗಳನ್ನು ನಾಯಿ ಕಿವಿಯಿಂದಲೂ ತೋರಿಸುತ್ತದೆ. ಮನುಷ್ಯರ ಮತ್ತು ಬೇರೆ ನಾಯಿಗಳ ಜೊತೆ ಒಗ್ಗಿಕೊಳ್ಳಲು ಕಲಿಯುವ ವಯಸ್ಸಿನಲ್ಲೇ ಅದು ನೋವು, ಟೇಪ್, ಡ್ರೆಸಿಂಗ್‌ಗಳಲ್ಲಿ ದಿನ ಕಳೆಯಬೇಕಾಗುತ್ತದೆ. ಇಷ್ಟೆಲ್ಲ ಆದರೂ ಕಿವಿ ಸರಿಯಾಗಿ ನಿಲ್ಲುವ ಖಾತರಿ ಇಲ್ಲ.

ಮರಿ ಕೊಳ್ಳುವಾಗಲೇ ‘ಕಿವಿ, ಬಾಲ ಮುಟ್ಟಕೂಡದು’ ಎಂದು ಬ್ರೀಡರ್‌ಗೆ ವಾಟ್ಸ್ಆ್ಯಪ್‌ನಲ್ಲೋ ಕಾಗದದಲ್ಲೋ ತಿಳಿಸಿ, ಉತ್ತರ ಪಡೆಯಿರಿ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪ್ರಮಾಣಪತ್ರ ಕೇಳುವುದು ನಿಮ್ಮ ಹಕ್ಕು.

ಈಗಾಗಲೇ ಕತ್ತರಿಸಿದ್ದರೆ ಆರೈಕೆ ಹೇಗೆ?

ಮರಿ ಕಿವಿ ಕತ್ತರಿಸಿಕೊಂಡೇ ಮನೆಗೆ ಬಂದಿರಬಹುದು, ಅಥವಾ ಯಾರೋ ಬಿಟ್ಟುಹೋದ ಮರಿ ನಿಮ್ಮ ಕೈ ಸೇರಿರಬಹುದು. ಕೇಸಾಗುತ್ತದೆ ಎಂಬ ಹೆದರಿಕೆಯಿಂದ ವೈದ್ಯರ ಬಳಿ ಹೋಗದೆ ಇರಬೇಡಿ. ಗಾಯಕ್ಕೆ ಚಿಕಿತ್ಸೆ ಕೊಡಿಸುವುದು ಅಪರಾಧವಲ್ಲ. ಸಾಕುವವರು ಪ್ರಾಣಿಯ ಯೋಗಕ್ಷೇಮ ನೋಡಿಕೊಳ್ಳಬೇಕು, ಅದಕ್ಕೆ ಅನಗತ್ಯ ನೋವಾಗದಂತೆ ತಡೆಯಬೇಕು ಎಂದು ಕ್ರೌರ್ಯ ತಡೆ ಕಾಯ್ದೆಯ ಕಲಂ 3 ಹೇಳುತ್ತದೆ.

ಗಾಯ ಒಣಗಿರಲಿ. ಸ್ನಾನ ಬೇಡ, ಮಳೆಯಲ್ಲಿ ಬಿಡಬೇಡಿ. ಮರಿ ಕೆರೆದುಕೊಳ್ಳದಂತೆ ಕುತ್ತಿಗೆಗೆ ಇ-ಕಾಲರ್ (ಶಂಕುವಿನಾಕಾರದ ರಕ್ಷಾಪಟ್ಟಿ) ಹಾಕಿ. ಟೇಪ್ ಒದ್ದೆಯಾದರೆ ಅಥವಾ ವಾಸನೆ ಬಂದರೆ ಅದರ ಮೇಲೆಯೇ ಇನ್ನೊಂದು ಸುತ್ತು ಸುತ್ತದೆ ವೈದ್ಯರಿಂದ ಬಿಚ್ಚಿಸಿ. ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತೆಗೆಯುತ್ತಾರೆ, ಮನೆಯಲ್ಲಿ ಎಳೆಯಬೇಡಿ. ನಮ್ಮ ಹವೆಯಲ್ಲಿ ತೆರೆದ ಗಾಯದ ಮೇಲೆ ನೊಣ ಕೂತು ಹುಳು ಬೀಳುವುದು ಬೇಗ. ಆದ್ದರಿಂದ ಮರಿಯನ್ನು ಒಳಗೇ ಇರಿಸಿ, ದಿನಕ್ಕೆರಡು ಸಲ ಗಾಯ ನೋಡಿ. ಸೀಮೆಎಣ್ಣೆ, ಫಿನಾಯಿಲ್ ಹಚ್ಚಬೇಡಿ. ಮನುಷ್ಯರಿಗೆ ಕೊಡುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಮಾತ್ರೆಗಳು ಮರಿಯ ಜೀವಕ್ಕೇ ಮುಳುವಾಗಬಹುದು. ಕೀವು, ಊತ, ಕಪ್ಪಾಗುವ ಅಂಚು, ಜ್ವರ, ಊಟ ಬಿಡುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ನೆಟ್ಟಗೆ ನಿಲ್ಲದ ಕಿವಿಯನ್ನು ಮತ್ತೆ ಕತ್ತರಿಸಿ ಸರಿಪಡಿಸುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ.

ದೂರು ಕೊಡುವುದು ಹೇಗೆ?

ಮೊದಲು ನೆನಪಿಡಬೇಕಾದ್ದು ಗಡುವು. ಕಲಂ 36ರ ಪ್ರಕಾರ ಕೃತ್ಯ ನಡೆದ ಮೂರು ತಿಂಗಳ ನಂತರ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ.

ಫೋಟೊ, ಬಿಲ್, ಫೋನ್ ಸಂದೇಶಗಳನ್ನು ಜೋಡಿಸಿಟ್ಟುಕೊಳ್ಳಿ. ಸಂದೇಶವಿರುವ ಮೂಲ ಫೋನನ್ನು ಖಾಲಿ ಮಾಡಬೇಡಿ. ಗಾಯ ಎಷ್ಟು ಹಳೆಯದು, ಹೇಗೆ ಆಗಿದೆ ಎಂದು ಇನ್ನೊಬ್ಬ ಪಶುವೈದ್ಯರಿಂದ ಬರೆಸಿಕೊಳ್ಳಿ. ಠಾಣೆಗೆ ಲಿಖಿತ ದೂರು ಕೊಟ್ಟು, ಅದರಲ್ಲಿ ಕಲಂ 11(1)(ಎಲ್) ಮತ್ತು ಕಲಂ 31 ಎರಡನ್ನೂ ನಮೂದಿಸಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ದಾಖಲಿಸದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಂತೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು.

ನೋಂದಾಯಿತ ಪಶುವೈದ್ಯರೇ ಮಾಡಿದ್ದರೆ ವೃತ್ತಿ ದುರ್ನಡತೆಯ ದೂರನ್ನು ಕರ್ನಾಟಕ ಪಶುವೈದ್ಯ ಪರಿಷತ್ತಿಗೆ ಕೊಡಿ. ಪದವಿಯಿಲ್ಲದ ವ್ಯಕ್ತಿ ಶಸ್ತ್ರಚಿಕಿತ್ಸೆ ಮಾಡಿದ್ದರೆ ದೂರಿನಲ್ಲಿ ಅದನ್ನೂ ಬರೆಯಿರಿ. ಹೇಳದೆ ಕೇಳದೆ ಕಿವಿ ಕತ್ತರಿಸಿ ಮಾರಿದ್ದರೆ, ಚಿಕಿತ್ಸೆಯ ಖರ್ಚಿಗಾಗಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಪರಿಹಾರ ಕೇಳಬಹುದು. ಕೊಂಡ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಕಾಲಾವಕಾಶ ಎರಡು ವರ್ಷ. ಕಾನೂನು ಸಲಹೆಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ನೋಟಕ್ಕಾಗಿ ಕಿವಿ ಕತ್ತರಿಸುವುದು ನಿಷಿದ್ಧ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ನಿಷೇಧವಿಲ್ಲ. ಆದರೂ ಅಲ್ಲಿನ ಪಶುವೈದ್ಯಕೀಯ ಸಂಘ ಇದನ್ನು ವಿರೋಧಿಸುತ್ತದೆ.

ಐವತ್ತು ರೂಪಾಯಿ ದಂಡಕ್ಕೆ ಹೆದರುವವರು ಕಡಿಮೆ. ಗಿರಾಕಿಯೇ ಬೇಡ ಎಂದರೆ ಮಾತ್ರ ಈ ದಂಧೆ ನಿಲ್ಲುತ್ತದೆ. ಮರಿ ತರುವ ಮುನ್ನ ಬ್ರೀಡರ್‌ಗೆ ಆ ಮಾತನ್ನು ಬರವಣಿಗೆಯಲ್ಲೇ ತಿಳಿಸಿ.